ಕಡಂಬುಟ್ಟು ಬಿಡಿ ಅನ್ನಬೇಡಿ, ಎಷ್ಟು ತಿನ್ನಬಹುದು ಅಂತ ಹೇಳಿ

ಗೆ,
ಮಾನ್ಯ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳು, ಕೊಡಗು ಜಿಲ್ಲೆ, ಮಡಿಕೇರಿ
ಮಾನ್ಯ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳು, ಜಿಲ್ಲಾ ಪಂಚಾಯತ್, ಕೊಡಗು

ಮಾನ್ಯರೆ,

ನಾನು ನಾಪೋಕ್ಲು ಹತ್ತಿರದ ಒಂದು ಹಳ್ಳಿಯವಳು. ಮನೆಯಲ್ಲಿ ಮೂರು ಎಕರೆ ಕಾಫಿ, ಸ್ವಲ್ಪ ಗದ್ದೆ. ಅವ್ವನಿಗೆ ಈಗ 71 ವರ್ಷ. ಸಕ್ಕರೆ ಕಾಯಿಲೆ ಬಂದು ಒಂಬತ್ತು ವರ್ಷ ಆಯಿತು. ಅಷ್ಟೂ ವರ್ಷ ಅವರ ಊಟ ನೋಡಿಕೊಂಡವಳು ನಾನು. ಇಲ್ಲಿ ಬರೆಯುವುದೆಲ್ಲ ನಮ್ಮ ಅಡುಗೆಮನೆಯಲ್ಲಿ, ನಮ್ಮ ಕಣದಲ್ಲಿ ನಾನೇ ಕಂಡದ್ದು.

ಶುಗರ್ ಇದೆ ಅಂತ ಗೊತ್ತಾದ ದಿನ ಆಸ್ಪತ್ರೆಯೊಂದರಲ್ಲಿ ಮಾತ್ರೆಯ ಜೊತೆ ಒಂದು ಹಾಳೆ ಕೊಟ್ಟರು. ಬೆಳಿಗ್ಗೆ ಓಟ್ಸ್ ಅಥವಾ ಬ್ರೌನ್ ಬ್ರೆಡ್. ಮಧ್ಯಾಹ್ನ ಎರಡು ಚಪಾತಿ, ದಾಲ್. ಸಂಜೆ ಮೊಳಕೆ ಕಾಳು. ರಾತ್ರಿ ಮತ್ತೆ ಎರಡು ಚಪಾತಿ. ಕೆಳಗೆ ದಪ್ಪ ಅಕ್ಷರದಲ್ಲಿ ‘ಅನ್ನ ಮತ್ತು ಅಕ್ಕಿಯ ಪದಾರ್ಥ ಬೇಡ’ ಅಂತ ಇತ್ತು. ಅವ್ವ ಅದನ್ನು ಎರಡು ಸಲ ಓದಿಸಿಕೊಂಡರು. ಆಮೇಲೆ ‘ಹಾಗಾದ್ರೆ ನಾನು ಏನು ತಿನ್ನೋದು?’ ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಯಾಕೆ ಅಂತ ತಮಗೆ ಗೊತ್ತು. ನಮ್ಮ ಮನೆಗಳಲ್ಲಿ ಬೆಳಗಾದರೆ ಅಕ್ಕಿ ಒಟ್ಟಿ (ರೊಟ್ಟಿ), ಇಲ್ಲದಿದ್ದರೆ ಅಕ್ಕಿ ತರಿಗೆ ಹಾಲು, ತೆಂಗಿನ ತುರಿ ಹಾಕಿ ಹಬೆಯಲ್ಲಿ ಬೇಯಿಸಿದ ಪಾಪುಟ್ಟು. ನೆಂಟರು ಬಂದರೆ ನೂಲ್‌ಪುಟ್ಟು, ಅಂದರೆ ಒತ್ತುಶಾವಿಗೆ. ಹಂದಿ ಕರಿ ಮಾಡಿದ ದಿನ ಕಡಂಬುಟ್ಟು, ಅಂದರೆ ಹಬೆಯಲ್ಲಿ ಬೇಯಿಸಿದ ಅಕ್ಕಿ ತರಿಯ ಉಂಡೆ. ಮಧ್ಯಾಹ್ನ ಅನ್ನ. ಅಕ್ಕಿ ತೆಗೆದರೆ ನಮ್ಮ ತಟ್ಟೆಯಲ್ಲಿ ಪಲ್ಯ, ಸಾರು ಬಿಟ್ಟು ಮತ್ತೇನೂ ಉಳಿಯುವುದಿಲ್ಲ. ಆ ಹಾಳೆ ಬರೆದವರು ಕೊಡಗಿನ ಒಂದು ಮನೆಯಲ್ಲೂ ಊಟಕ್ಕೆ ಕೂತಿಲ್ಲ ಅಂತ ಅವತ್ತೇ ಅನ್ನಿಸಿತು.

ಆ ಹಾಳೆಯಿಂದ ಏನಾಯಿತು ಅಂತ ಹೇಳುತ್ತೇನೆ. ಆಗ ಫೆಬ್ರವರಿ, ರೊಬಸ್ಟಾ ಕೊಯ್ಲು ನಡೆಯುತ್ತಿತ್ತು. ಐದನೇ ದಿನ ಬೆಳಿಗ್ಗೆ ನಾನು ತೋಟಕ್ಕೆ ಬೇಗ ಹೋಗಿದ್ದೆ. ಮನೆಯಲ್ಲಿ ಒಟ್ಟಿ ಇತ್ತು, ಚಪಾತಿ ಇರಲಿಲ್ಲ. ಒಟ್ಟಿ ತಿನ್ನಬಾರದು ಅಂದಿದ್ದಾರಲ್ಲ ಅಂತ ಅವ್ವ ಮಾತ್ರೆ ನುಂಗಿ, ಸಕ್ಕರೆ ಹಾಕದ ಕಾಫಿ ಕುಡಿದು, ಕಣದಲ್ಲಿ ಒಣಗಲು ಹರಡಿದ್ದ ಕಾಫಿಯನ್ನು ಎಳೆದು ಮಗುಚಲು ಹೋದರು. ಹನ್ನೊಂದು ಗಂಟೆಗೆ ನಾನು ಬಂದಾಗ ಕಣದ ಅಂಚಿನಲ್ಲಿ ಕೂತಿದ್ದರು. ಕುತ್ತಿಗೆಯೆಲ್ಲ ಬೆವರು. ಬೆರಳು ನಡುಗುತ್ತಿತ್ತು. ನನ್ನನ್ನು ಅಕ್ಕನ ಹೆಸರು ಹಿಡಿದು ಕರೆದರು. ಪಕ್ಕದ ಮನೆಯಲ್ಲಿ ಹಿಂದೆ ನರ್ಸ್ ಆಗಿದ್ದವರು ಒಬ್ಬರಿದ್ದಾರೆ. ಓಡಿ ಬಂದು ಮೆಷಿನ್‌ನಲ್ಲಿ ನೋಡಿದರು. 54 ಇತ್ತು. ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿದರು. ಕಾಲು ಗಂಟೆ ಬಿಟ್ಟು ಮತ್ತೆ ನೋಡಿದರು. ಏರಿತ್ತು. ಅವ್ವ ನನ್ನ ಮುಖ ನೋಡಿ ‘ಕಾಫಿ ಎಳೆದಾಯ್ತಾ?’ ಅಂದಾಗ ನನಗೆ ಅಳು ಬಂತು.

ಅವ್ವನಿಗೆ ಕೊಟ್ಟದ್ದು ಗ್ಲಿಮೆಪಿರೈಡ್ ಇರುವ ಮಾತ್ರೆ. ಅದನ್ನು ತೆಗೆದುಕೊಂಡು ತಿಂಡಿ ಬಿಟ್ಟರೆ ಶುಗರ್ ಅಪಾಯದ ಮಟ್ಟಕ್ಕೆ ಇಳಿಯಬಹುದು. 70ಕ್ಕಿಂತ ಕೆಳಗೆ ಹೋದರೆ ತಕ್ಷಣ ಸಿಹಿ ಕೊಡಬೇಕು. ಇನ್ಸುಲಿನ್ ತೆಗೆದುಕೊಳ್ಳುವವರಿಗೂ ಇದೇ ಮಾತು. ಆ ಹಾಳೆಯಲ್ಲಿ ‘ಬೇಡ’ ಅನ್ನುವುದು ಹನ್ನೆರಡು ಕಡೆ ಇತ್ತು, ನಾನು ಎಣಿಸಿದ್ದೇನೆ. ಮಾತ್ರೆ ತೆಗೆದುಕೊಂಡ ಮೇಲೆ ಊಟ ತಪ್ಪಿಸಬಾರದು ಅನ್ನುವ ಒಂದು ಸಾಲು ಇರಲಿಲ್ಲ. ಇದು ನನ್ನ ಮೊದಲ ದೂರು.

ಎರಡನೆಯದು ಚಪಾತಿಯ ಬಗ್ಗೆ. ಅಕ್ಕಿ ವಿಷ, ಗೋಧಿ ಮದ್ದು ಅನ್ನುವ ನಂಬಿಕೆ ಊರಿಡೀ ಹಬ್ಬಿದೆ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಪಿಷ್ಟ ಇದ್ದರೆ ಗೋಧಿ ಹಿಟ್ಟಿನಲ್ಲೂ, ರಾಗಿಯಲ್ಲೂ 65 ಗ್ರಾಂ ಆಸುಪಾಸು ಇದ್ದೇ ಇದೆ. ಗೋಧಿ, ರಾಗಿಯಲ್ಲಿ ನಾರು ಜಾಸ್ತಿ ಅನ್ನುವುದು ನಿಜ, ಅದರಿಂದ ಉಪಯೋಗವೂ ಇದೆ. ಆದರೆ ಐದು ಚಪಾತಿ ತಿಂದವರ ಶುಗರ್ ಇಳಿಯುವುದಿಲ್ಲ. ನಮ್ಮ ಊರಿನ ಹಿರಿಯರೊಬ್ಬರು ಅನ್ನ ಬಿಟ್ಟೆ ಅಂತ ಹೆಮ್ಮೆಯಿಂದ ದಿನಕ್ಕೆ ಎಂಟು ಚಪಾತಿ ತಿನ್ನುತ್ತಿದ್ದರು. ಕಾಲಿನ ಹುಣ್ಣು ಮಾಯದೆ ಹೆಬ್ಬೆರಳು ತೆಗೆಸಬೇಕಾಯಿತು. ಅದಕ್ಕೆ ಚಪಾತಿಯೇ ಕಾರಣ ಅಂತ ನಾನು ಹೇಳುತ್ತಿಲ್ಲ. ಆದರೆ ಎಷ್ಟು ತಿನ್ನಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಕಣದ ಆ ಘಟನೆಯ ನಂತರ ಅವ್ವ ಹಾಳೆಯನ್ನು ಉಪ್ಪಿನ ಡಬ್ಬಿಯ ಕೆಳಗೆ ಇಟ್ಟರು, ಮತ್ತೆ ತೆಗೆಯಲೇ ಇಲ್ಲ. ಮುಂದಿನ ಎಷ್ಟೋ ವರ್ಷ ಮೊದಲಿನಂತೆಯೇ ತಿಂದರು. ಕೇಳಿದರೆ ಮುಚ್ಚಿಡುತ್ತಿದ್ದರು. ನೆಂಟರ ಮನೆಗೆ ಹೋದಾಗ ಏಳು ಕಡಂಬುಟ್ಟು ತಿಂದು, ಮನೆಗೆ ಬಂದು ಮೂರು ಅನ್ನುತ್ತಿದ್ದರು. ರೋಗಿಗಳು ಹೇಳಿದ ಮಾತು ಕೇಳುವುದಿಲ್ಲ ಅಂತ ಆಸ್ಪತ್ರೆಯಲ್ಲಿ ಬೈಯುತ್ತಾರೆ. ಕೇಳಲು ಆಗುವಂತಹ ಮಾತು ಹೇಳಿದ್ದರೆ ಅವ್ವ ಖಂಡಿತ ಕೇಳುತ್ತಿದ್ದರು. ಅವರು ಅರವತ್ತು ವರ್ಷ ಒಂದು ಅಡುಗೆಮನೆ ನಡೆಸಿದವರು. ಅಳತೆ ಅಂದರೆ ಏನು ಅಂತ ಅವರಿಗೆ ಯಾರೂ ಕಲಿಸಬೇಕಾಗಿಲ್ಲ.

ಎರಡು ವರ್ಷದ ಹಿಂದೆ ಅವ್ವನ ಮೂರು ತಿಂಗಳ ಶುಗರ್ ಸರಾಸರಿ (HbA1c ಪರೀಕ್ಷೆ) 9.1 ಬಂತು. ಆಗ ಒಂದು ಗ್ಲೂಕೋಮೀಟರ್ ತಂದೆ. ಅವ್ವ ಇಷ್ಟಪಟ್ಟು ತಿನ್ನುವುದನ್ನು ಬಿಡಿಸದೆ ಏನು ಮಾಡಬಹುದು ನೋಡೋಣ ಅಂತ ಶುರುಮಾಡಿದೆ. ವೈದ್ಯರಿಗೆ ಹೇಳಿಯೇ ಮಾಡಿದೆ. ಮಾತ್ರೆ ನಿಲ್ಲಿಸಲಿಲ್ಲ.

ಮೊದಲು ಕಡಂಬುಟ್ಟನ್ನೇ ಹಿಡಿದೆ. ಕಾಳುಮೆಣಸು ತೂಗುವ ತಕ್ಕಡಿಯಲ್ಲಿ ಇಟ್ಟು ನೋಡಿದರೆ ನಮ್ಮ ಮನೆಯ ಒಂದು ಉಂಡೆ 85 ಗ್ರಾಂ ಇತ್ತು. ಅಂತಹ ಆರು ತಿಂದರೆ ಅರ್ಧ ಕಿಲೋ. ಅವತ್ತು ಬರೀ ಗಸಿ ನೆಂಚಿಕೊಂಡು ಆರು ತಿಂದ ಎರಡು ಗಂಟೆಗೆ ಅವ್ವನ ಶುಗರ್ 262. ಮರುವಾರ ಉಂಡೆ ಚಿಕ್ಕದು ಮಾಡಿದೆ, 50 ಗ್ರಾಂ. ಎರಡು ಪಾಲು ಅಕ್ಕಿ ತರಿಗೆ ಒಂದು ಪಾಲು ನವಣೆ ತರಿ. ಮೊದಲ ಸಲ ಉಂಡೆ ಕಟ್ಟಲು ಬರಲೇ ಇಲ್ಲ, ಹಬೆಯಲ್ಲಿ ಒಡೆದುಹೋಯಿತು. ಅವ್ವ ಒಂದು ಚೂರು ಬಾಯಿಗೆ ಹಾಕಿ ‘ಮರಳು ಮರಳು’ ಅಂತ ತಟ್ಟೆ ಸರಿಸಿದರು. ನವಣೆ ತರಿ ಅರ್ಧ ಗಂಟೆ ನೆನೆಸಬೇಕು, ಕುದಿಯುವ ನೀರಿಗೆ ಅದನ್ನೇ ಮೊದಲು ಹಾಕಬೇಕು, ಅದು ಅರೆಬೆಂದ ಮೇಲೆ ಅಕ್ಕಿ ತರಿ ಹಾಕಿ ಮಗುಚಬೇಕು. ಒಂದು ಹಿಡಿ ತೆಂಗಿನ ತುರಿ ಸೇರಿಸಿದರೆ ಮೆತ್ತಗೆ ಬರುತ್ತದೆ. ಇಷ್ಟು ಕಲಿಯಲು ನನಗೆ ನಾಲ್ಕು ಭಾನುವಾರ ಬೇಕಾಯಿತು. ಐದನೇ ಭಾನುವಾರ ಅವ್ವ ಏನೂ ಹೇಳದೆ ತಿಂದರು.

ಇನ್ನೊಂದು ಬದಲಾವಣೆಗೆ ಖರ್ಚೇ ಇಲ್ಲ. ಮೊದಲು ಪಲ್ಯ, ಆಮೇಲೆ ಕಾಳು ಅಥವಾ ಕೋಳಿ ತುಂಡು, ಕೊನೆಗೆ ಪುಟ್ಟು. ಹೊಟ್ಟೆಗೆ ನಾರು ಮತ್ತು ಪ್ರೋಟೀನ್ ಮೊದಲು ಹೋದರೆ ಆಮೇಲೆ ಬಂದ ಪಿಷ್ಟ ನಿಧಾನವಾಗಿ ರಕ್ತಕ್ಕೆ ಸೇರುತ್ತದೆ. ಒಂದು ಬಟ್ಟಲು ಬೀನ್ಸ್ ಪಲ್ಯ, ಒಂದು ಬಟ್ಟಲು ಮುದ್ರೆ ಕಣ್ಣಿ (ಹುರುಳಿಯ ಗಟ್ಟಿ ಸಾರು), ಆಮೇಲೆ ಮೂರು ಚಿಕ್ಕ ಕಡಂಬುಟ್ಟು, ಊಟ ಆದ ಮೇಲೆ ಅಂಗಳದಲ್ಲಿ ಕಾಲು ಗಂಟೆ ನಡಿಗೆ. ಹೀಗೆ ನಾಲ್ಕೈದು ಸಲ ನೋಡಿದೆ. 165ರಿಂದ 190ರ ಒಳಗೇ ಬಂತು. ಎಂಟು ತಿಂಗಳಲ್ಲಿ ಸರಾಸರಿ 7.4ಕ್ಕೆ ಇಳಿಯಿತು. ನಡುವೆ ವೈದ್ಯರು ಮಾತ್ರೆಯನ್ನೂ ಸ್ವಲ್ಪ ಬದಲಿಸಿದ್ದರು. ಹಾಗಾಗಿ ಎಲ್ಲ ನನ್ನ ಅಡುಗೆಯಿಂದಲೇ ಆಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಇದು ಒಬ್ಬರ ಮೈ, ಒಂದು ಮನೆಯ ಲೆಕ್ಕ. ಹತ್ತು ಮನೆಯಲ್ಲಿ, ನೂರು ಮನೆಯಲ್ಲಿ ನೋಡಬೇಕಾದವರು ತಾವು.

ಬೇರೆ ತಿಂಡಿಗಳ ವಿಷಯವನ್ನೂ ಸ್ವಲ್ಪ ಹೇಳುತ್ತೇನೆ. ನೂಲ್‌ಪುಟ್ಟು ನುಣ್ಣಗಿನ ಹಿಟ್ಟಿನದು, ತರಿಯ ತಿಂಡಿಗಿಂತ ಬೇಗ ಅರಗುತ್ತದೆ. ಅವ್ವನಿಗೆ ಎರಡೇ ಸಾಕು ಅಂತ ಮಾಡಿದ್ದೇವೆ. ಪಾಪುಟ್ಟಿಗೆ ಸಕ್ಕರೆ ಬಿಟ್ಟೆವು, ತೆಂಗಿನ ತುರಿ ಜಾಸ್ತಿ ಮಾಡಿದೆವು. ಒಟ್ಟಿಯ ಹಿಟ್ಟಿಗೆ ರಾಗಿ ಹಿಟ್ಟು ಮತ್ತು ನುಗ್ಗೆ ಸೊಪ್ಪು ಸೇರಿಸಿ ತೆಳ್ಳಗೆ ತಟ್ಟಿದರೆ ಚೆನ್ನಾಗಿ ಬರುತ್ತದೆ, ಎಳ್ಳು ಪಜ್ಜಿ (ಚಟ್ನಿ) ಜೊತೆ ಒಂದೂವರೆ ಒಟ್ಟಿಗೆ ಹೊಟ್ಟೆ ತುಂಬುತ್ತದೆ. ಹಂದಿ ಕರಿಯಲ್ಲಿ ಪಿಷ್ಟ ಇಲ್ಲ, ಅದು ನೇರವಾಗಿ ಶುಗರ್ ಏರಿಸುವುದಿಲ್ಲ. ಆದರೆ ಶುಗರ್ ಇರುವವರಿಗೆ ಹೃದಯದ ಕಾಯಿಲೆಯ ಭಯ ಜಾಸ್ತಿ. ಅದಕ್ಕೆ ನಾನು ಹಿಂದಿನ ದಿನವೇ ಕರಿ ಮಾಡಿ ಇಡುತ್ತೇನೆ. ಬೆಳಿಗ್ಗೆ ಮೇಲೆ ಬೆಣ್ಣೆಯಂತೆ ಗಟ್ಟಿಯಾದ ಕೊಬ್ಬನ್ನು ಚಮಚದಲ್ಲಿ ತೆಗೆದುಹಾಕಿ ಬಿಸಿಮಾಡುತ್ತೇನೆ. ಕರಿಗೆ ಹಾಕುವ ಕಾಚಂಪುಳಿ ಅನ್ನುವ ಹುಳಿರಸದ ಕಪ್ಪು ಬಣ್ಣ, ಹುಳಿ, ಮೆಣಸಿನ ಖಾರ ಒಂದೂ ಕಮ್ಮಿ ಆಗುವುದಿಲ್ಲ.

ನಮ್ಮ ಹತ್ತಿರ ಏನು ಇಲ್ಲ ಹೇಳಿ? ಮಳೆ ಶುರುವಾದರೆ ಬೈಂಬಳೆ, ಅಂದರೆ ಬಿದಿರಿನ ಕಣಿಲೆ ಬರುತ್ತದೆ. ತೋಡಿನ ಪಕ್ಕ ತೆರ್ಮೆ ತೊಪ್ಪು (ಜರೀಗಿಡದ ಎಳೆ ಸೊಪ್ಪು) ಚಿಗುರುತ್ತದೆ. ಗುಡುಗಿದ ಮಾರನೇ ದಿನ ಕುಮ್ಮು (ಅಣಬೆ) ಏಳುತ್ತದೆ. ಹಿತ್ತಲಲ್ಲಿ ಕೆಂಬು (ಕೆಸು) ಇದೆ. ಕಣಿಲೆಯನ್ನು ಹೆಚ್ಚಿ, ನೀರು ಬದಲಿಸುತ್ತಾ ನೆನೆಸಿ, ಬೇಯಿಸಿಯೇ ತಿನ್ನಬೇಕು ಅಂತ ನಮ್ಮ ಅಜ್ಜಿಯರಿಗೂ ಗೊತ್ತಿತ್ತು. ನಾರು ಬೇಕು, ಸೊಪ್ಪು ಬೇಕು, ಪಿಷ್ಟ ಕಮ್ಮಿ ಇರುವ ತರಕಾರಿ ಬೇಕು ಅಂತ ತಜ್ಞರು ಹೇಳುವುದೆಲ್ಲ ನಮ್ಮ ಕಾಡಂಚಿನಲ್ಲೇ ಇದೆ. ಆದರೆ ಆ ಹಾಳೆಯಲ್ಲಿ ಬ್ರೊಕೊಲಿ ಇತ್ತು.

ನಮ್ಮಲ್ಲೂ ತಪ್ಪು ತಿಳುವಳಿಕೆ ಇದೆ. ಅದನ್ನು ಮುಚ್ಚಿಟ್ಟರೆ ಈ ಪತ್ರಕ್ಕೆ ಅರ್ಥವಿಲ್ಲ. ಇನ್ನೇನು ನಮ್ಮ ಮಳೆಗಾಲದ ಕಕ್ಕಡ ತಿಂಗಳು ಬಂತು. ಆಗಸ್ಟ್ ಮೊದಲ ವಾರದಲ್ಲಿ ಕಕ್ಕಡ 18, ಅವತ್ತು ಮನೆಮನೆಯಲ್ಲೂ ಮದ್ದು ಸೊಪ್ಪು ಕುದಿಯುತ್ತದೆ. ನೇರಳೆ ಬಣ್ಣದ ಆ ರಸದ ಪಾಯಸ ನನಗೂ ಪ್ರಾಣ. ಆದರೆ ಶುಗರ್ ಇರುವವರು ‘ಮದ್ದು ಅಲ್ವಾ, ಏನೂ ಆಗಲ್ಲ’ ಅಂತ ಎರಡು ಬಟ್ಟಲು ತಿನ್ನುತ್ತಾರೆ. ಸೊಪ್ಪು ಮದ್ದೇ ಇರಬಹುದು. ಅದರ ಜೊತೆ ಬೆಲ್ಲ ಇದೆ, ಅಕ್ಕಿ ಇದೆ. ಹೋದ ವರ್ಷ ಅವ್ವನಿಗೆ ಆ ರಸದಲ್ಲಿ ಅಕ್ಕಿ ತರಿ ಬೇಯಿಸಿ, ಬೆಲ್ಲ ಹಾಕದೆ, ತೆಂಗಿನ ಹಾಲು ಮತ್ತು ಏಲಕ್ಕಿ ಹಾಕಿ ಅರ್ಧ ಬಟ್ಟಲು ಕೊಟ್ಟೆ. ಬಣ್ಣ, ಪರಿಮಳ ಎಲ್ಲ ಹಾಗೇ ಇತ್ತು.

ಜೇನಿನ ವಿಷಯವೂ ಹೀಗೇ. ಕೊಡಗಿನ ಜೇನು ಶುದ್ಧ, ಅದರಿಂದ ಶುಗರ್ ಏರುವುದಿಲ್ಲ ಅಂತ ಒಟ್ಟಿಯ ಮೇಲೆ ಸುರಿದುಕೊಂಡು ತಿನ್ನುವವರು ನಮ್ಮ ಬಂಧುಗಳಲ್ಲೇ ಇದ್ದಾರೆ. ಎಷ್ಟು ಶುದ್ಧವಾದರೂ ಜೇನಿನಲ್ಲಿ ಇರುವುದು ಸಕ್ಕರೆಯೇ. ಅದಕ್ಕಿಂತ ದೊಡ್ಡದು ಬೆಲ್ಲದ ಕಾಫಿ. ಸಕ್ಕರೆ ಬಿಟ್ಟು ಬೆಲ್ಲಕ್ಕೆ ಬಂದೆವು, ಇನ್ನು ಭಯವಿಲ್ಲ ಅಂತ ದಿನಕ್ಕೆ ಐದಾರು ಲೋಟ ಕುಡಿಯುತ್ತಾರೆ. ರಕ್ತಕ್ಕೆ ಹೋದ ಮೇಲೆ ಎರಡಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ ಅಂತ ಅವರಿಗೆ ಗೊತ್ತಿಲ್ಲ. ಆಸ್ಪತ್ರೆಯ ಹಾಳೆಯಲ್ಲಿ ಐಸ್‌ಕ್ರೀಂ, ಕೇಕ್ ಬೇಡ ಅಂತ ಇದೆ. ನಮ್ಮ ಊರಿನ ಮುದುಕರು ಕೇಕ್ ಎಲ್ಲಿ ತಿನ್ನುತ್ತಾರೆ? ಬೆಲ್ಲದ ಕಾಫಿಯ ಹೆಸರನ್ನು ಒಂದು ಸಲ ಬರೆದಿದ್ದರೆ ಎಷ್ಟು ಜನರಿಗೆ ಉಪಯೋಗ ಆಗುತ್ತಿತ್ತು!

ಇನ್ನು ಲೈನ್ ಮನೆಗಳ, ಅಂದರೆ ತೋಟದ ಕಾರ್ಮಿಕರ ಸಾಲುಮನೆಗಳ ವಿಷಯ. ಇದನ್ನು ಬರೆಯುವಾಗ ನನಗೆ ಹೊಟ್ಟೆ ಉರಿಯುತ್ತದೆ. ನಮ್ಮ ತೋಟಕ್ಕೆ ಕೆಲಸಕ್ಕೆ ಬರುವ ಯರವ ಬುಡಕಟ್ಟಿನ ಹೆಂಗಸೊಬ್ಬರಿಗೆ ನಲವತ್ತು ದಾಟಿಲ್ಲ, ಶುಗರ್ ಇದೆ. ಅವರಿಗೂ ಅದೇ ತರಹದ ಓಟ್ಸ್ ಹಾಳೆ ಕೊಟ್ಟಿದ್ದಾರೆ. ಅವರ ಮನೆಗೆ ಬರುವುದು ರೇಷನ್ ಅಕ್ಕಿ. ಬೆಳಿಗ್ಗೆ ಏಳಕ್ಕೆ ಹೊರಡುವ ಮೊದಲು ಅನ್ನ, ಮಧ್ಯಾಹ್ನ ಬುತ್ತಿಯಲ್ಲಿ ಅದೇ ಅನ್ನ, ನೆಂಚಿಕೊಳ್ಳಲು ಒಂದಿಷ್ಟು ಒಣಮೀನು ಅಥವಾ ಚಟ್ನಿ. ಅವರಿಗೆ ನಾನು ನವಣೆ ತಿನ್ನಿ ಅಂತ ಹೇಳಲಾರೆ, ಅದರ ಬೆಲೆ ನನಗೇ ಭಾರ. ಆದರೆ ಹುರುಳಿ ಅಷ್ಟು ದುಬಾರಿಯಲ್ಲ. ಕಾಡು ಸೊಪ್ಪುಗಳ ಬಗ್ಗೆ ಅವರಿಗೆ ನನಗಿಂತ ಜಾಸ್ತಿ ಗೊತ್ತು. ಬುತ್ತಿಯಲ್ಲಿ ಅನ್ನ ಅರ್ಧ, ಹುರುಳಿ ಕಾಲು, ಸೊಪ್ಪು ಕಾಲು ಅಂತ ಒಂದು ಚಿತ್ರ ಬರೆದು ತೋರಿಸಿದರೂ ಸಾಕು. ಓದು ಬರದವರಿಗೂ ಅರ್ಥ ಆಗುತ್ತದೆ. ಕೆಲಸದ ನಡುವೆ ಲೋ ಶುಗರ್ ಆದರೆ ಏನು ಮಾಡಬೇಕು ಅಂತ ತೋಟದ ಕೆಲಸ ನೋಡಿಕೊಳ್ಳುವ ರೈಟರ್‌ಗಳಿಗೂ ಹೇಳಿಕೊಡಬೇಕು.

ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ ಅಂತ 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆ ಹೇಳಿದೆ. ಕಾಯಿಲೆಯ ಅಂಚಿನಲ್ಲಿ ನಿಂತವರು ಅದಕ್ಕಿಂತ ಜಾಸ್ತಿ. ಸಕ್ಕರೆ, ಬಿಪಿ ಕಾಯಿಲೆಗಳಿಗಾಗಿ ಕೇಂದ್ರದ ಕಾರ್ಯಕ್ರಮ ಶುರುವಾಗಿದ್ದು 2010ರಲ್ಲಿ. ಆಶಾ ಕಾರ್ಯಕರ್ತೆಯರು ಮನೆಗೆ ಬಂದು 30 ದಾಟಿದವರನ್ನು ಪರೀಕ್ಷೆಗೆ ಕರೆಯುತ್ತಾರೆ. ಮಾತ್ರೆ ಪುಕ್ಕಟೆ ಸಿಗುತ್ತದೆ. ಇದಕ್ಕೆಲ್ಲ ನಾವು ಋಣಿಗಳು, ಇದನ್ನು ಮನಸಾರೆ ಹೇಳುತ್ತಿದ್ದೇನೆ. ಆದರೆ ಕಾಯಿಲೆ ಕಂಡುಹಿಡಿದು ಮನೆಗೆ ಕಳಿಸಿದ ಮೇಲೆ ತಟ್ಟೆಗೆ ಏನು ಬಡಿಸಬೇಕು ಅನ್ನುವಲ್ಲಿ ನಾವು ಒಂಟಿಯಾಗಿಬಿಡುತ್ತೇವೆ.

ಆದ್ದರಿಂದ ತಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು. ಕೊಡಗಿನ ಊಟಕ್ಕೇ ಅಂತ ಒಂದು ಹಾಳೆ ಮಾಡಿಸಿ. ಅದರಲ್ಲಿ ಕಡಂಬುಟ್ಟು, ಒಟ್ಟಿ, ನೂಲ್‌ಪುಟ್ಟು, ಪಾಪುಟ್ಟು, ಅನ್ನ, ಗಂಜಿ ಇವುಗಳ ಹೆಸರು ಇರಲಿ. ಪ್ರತಿಯೊಂದೂ ಎಷ್ಟು ದೊಡ್ಡದು, ಎಷ್ಟು ತಿನ್ನಬಹುದು, ಯಾವುದರ ಜೊತೆ ತಿನ್ನಬೇಕು ಅಂತ ಚಿತ್ರ ಹಾಕಿ ತೋರಿಸಿ. ಸೊಪ್ಪು ತರಕಾರಿಗಳಿಗೆ ಕನ್ನಡದ ಹೆಸರಿನ ಪಕ್ಕ ನಮ್ಮ ಜಿಲ್ಲೆಯ ಕೊಡವ ತಕ್ಕ್ (ಕೊಡವ ಭಾಷೆ), ಅರೆಭಾಷೆಯ ಹೆಸರನ್ನೂ ಕನ್ನಡ ಲಿಪಿಯಲ್ಲಿ ಬರೆಸಿ. ಬೆಲ್ಲದ ಕಾಫಿ, ಜೇನು, ಮದ್ದು ಪಾಯಸ, ಪುತ್ತರಿ ಸುಗ್ಗಿ ಹಬ್ಬದ ತಂಬಿಟ್ಟು ಇವುಗಳ ಬಗ್ಗೆ ಖಚಿತವಾಗಿ ಒಂದೊಂದು ಮಾತು ಇರಲಿ. ಮಾತ್ರೆ ತೆಗೆದುಕೊಂಡು ಊಟ ತಪ್ಪಿಸಬೇಡಿ ಅನ್ನುವುದು ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ ಇರಲಿ. ಕಿಡ್ನಿ ತೊಂದರೆ ಇರುವವರಿಗೆ ಬೇಳೆ, ಮಾಂಸ, ಸೊಪ್ಪಿನ ಲೆಕ್ಕವೇ ಬೇರೆ. ಅದು ನನ್ನಂಥವಳ ಕೈಯಲ್ಲಿ ಆಗುವ ಕೆಲಸ ಅಲ್ಲ. ಆಹಾರ ತಜ್ಞರೇ ಕೂತು ಮಾಡಬೇಕು.

ಹಾಳೆ ಕೊಟ್ಟು ಸುಮ್ನೆ ಬಿಟ್ಟರೆ ಅದೂ ಉಪ್ಪಿನ ಡಬ್ಬಿಯ ಕೆಳಗೆ ಹೋಗುತ್ತದೆ. ಜಿಲ್ಲಾ ಪಂಚಾಯತ್ ಮನಸ್ಸು ಮಾಡಿದರೆ ಸಂಜೀವಿನಿ ಸ್ವಸಹಾಯ ಸಂಘಗಳ ಹೆಂಗಸರಿಂದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತಿಂಗಳಿಗೆ ಒಂದು ದಿನ ಅಡುಗೆ ಮಾಡಿ ತೋರಿಸಬಹುದು. ಶುಗರ್ ನೋಡಿಸಲು ಬಂದವರು ಅಲ್ಲೇ ತಿಂದು, ಎರಡು ಗಂಟೆ ಬಿಟ್ಟು ತಮ್ಮ ಬೆರಳಿನಿಂದಲೇ ನೋಡಿಕೊಳ್ಳಲಿ. ಸ್ವಂತ ನಂಬರ್ ಕಣ್ಣಾರೆ ಕಂಡ ಮೇಲೆ ಅವ್ವ ಕಡಂಬುಟ್ಟು ಎಣಿಸಿ ತಿನ್ನತೊಡಗಿದರು. ನಾನು ಏಳು ವರ್ಷ ಬಾಯಿ ನೋಯಿಸಿಕೊಂಡರೂ ಆಗದ ಕೆಲಸ ಅದು. ಶುಗರ್ ನೋಡುವ ಒಂದು ಸ್ಟ್ರಿಪ್‌ಗೆ ಇಪ್ಪತ್ತು ರೂಪಾಯಿ ಹತ್ತಿರ ಆಗುತ್ತದೆ. ಬಡವರಿಗೆ ತಿಂಗಳಿಗೆ ನಾಲ್ಕು ಸ್ಟ್ರಿಪ್ ಆದರೂ ಕೊಡಿಸಿ.

ಕೊನೆಯದಾಗಿ, ಮದುವೆ ಮನೆಗಳ ವಿಷಯ. ಇದು ತಮಗಿಂತ ನಮ್ಮ ಸಮಾಜಗಳ ಹಿರಿಯರಿಗೆ ಹೇಳಬೇಕಾದ ಮಾತು, ಆದರೂ ಇಲ್ಲೇ ಬರೆಯುತ್ತೇನೆ. ಶುಗರ್ ಇದೆ, ಸಾಕು ಅಂದವರ ತಟ್ಟೆಗೆ ಬಲವಂತವಾಗಿ ಬಡಿಸುವುದನ್ನು ದಯವಿಟ್ಟು ನಿಲ್ಲಿಸೋಣ. ಊಟ ತಡವಾಗುವುದಾದರೆ ಮಾತ್ರೆ ತೆಗೆದುಕೊಂಡ ಹಿರಿಯರನ್ನು ಮೊದಲ ಪಂಕ್ತಿಯಲ್ಲಿ ಕೂರಿಸೋಣ.

ಸೆಪ್ಟೆಂಬರ್ 3ಕ್ಕೆ ನಮ್ಮ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ಬರುತ್ತದೆ. ಅವತ್ತು ಕಡಂಬುಟ್ಟು, ಹಂದಿ ಕರಿ ಇಲ್ಲದ ಮನೆ ಅಪರೂಪ. ಅಷ್ಟರೊಳಗೆ ಆ ಹಾಳೆಯ ಮೊದಲ ಪ್ರತಿ ನಮ್ಮ ಕೈಗೆ ಬರಲಿ ಅಂತ ಆಸೆ ಇಟ್ಟುಕೊಂಡಿದ್ದೇನೆ. ನಮ್ಮ ಸಂಘದಲ್ಲಿ ಹದಿನಾಲ್ಕು ಜನ ಹೆಂಗಸರಿದ್ದೇವೆ. ತರಿ ನಾವೇ ಒಡೆದು ತರುತ್ತೇವೆ, ಸೊಪ್ಪು ನಾವೇ ಕೊಯ್ದು ತರುತ್ತೇವೆ. ಒಬ್ಬ ಆಹಾರ ತಜ್ಞರನ್ನು ಒಂದು ದಿನ ನಮ್ಮ ಊರಿಗೆ ಕಳಿಸಿಕೊಡಿ. ಅವ್ವ ಒಲೆಯ ಪಕ್ಕ ಕೂತು ಉಂಡೆ ಕಟ್ಟಿ ತೋರಿಸುತ್ತಾರೆ, 50 ಗ್ರಾಂ ಈಗ ಅವರಿಗೆ ಕೈ ಅಂದಾಜಿನಲ್ಲೇ ಬರುತ್ತದೆ.

ಇಂತಿ ತಮ್ಮ ವಿಶ್ವಾಸಿ,
ನಾಪೋಕ್ಲು ಕಡೆಯ ಒಬ್ಬ ಮಗಳು